ರಿಪೋರ್ಟಿನಲ್ಲಿ ‘ಹೈ ರಿಸ್ಕ್’ ಎಂದಿದ್ದರೆ

ಗರ್ಭಿಣಿಯರಿಗೆ ಮಾಡುವ ಡಬಲ್ ಮಾರ್ಕರ್ ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ‘ಹೈ ರಿಸ್ಕ್ 1:100’ ಎಂದು ಕಂಡೊಡನೆ ಎದೆ ಧಸಕ್ಕೆನ್ನುವುದು ಸಹಜ. ಆದರೆ ತಾಯೀ, ಆ ಅಂಕಿಯನ್ನು ಒಮ್ಮೆ ನಿಧಾನವಾಗಿ ಓದಿ. ಇಂಥದೇ ಫಲಿತಾಂಶ ಬಂದ 100 ಗರ್ಭಿಣಿಯರಲ್ಲಿ ಸುಮಾರು 99 ಮಂದಿಯ ಮಗುವಿಗೆ ಡೌನ್ ಸಿಂಡ್ರೋಮ್ ಇರುವುದಿಲ್ಲ ಎಂದು ಅದರ ಅರ್ಥ. ಈ ರಕ್ತಪರೀಕ್ಷೆ ತೊಂದರೆ ಇದೆ ಎಂದು ಹೇಳುವುದಿಲ್ಲ. ಇನ್ನಷ್ಟು ಪರೀಕ್ಷೆ ಯಾರಿಗೆ ಬೇಕು ಎಂಬುದನ್ನಷ್ಟೇ ಹೇಳುತ್ತದೆ.

ಮೊದಲು ಲ್ಯಾಬಿನ ಫಾರಂನಲ್ಲಿ ಬರೆದ ವಿವರ ನೋಡಿ. ವಯಸ್ಸು, ತೂಕ ಸರಿಯಿದೆಯೇ? ಅವಳಿ ಗರ್ಭವಾದರೆ ಅದನ್ನು ಬರೆದಿದ್ದಾರೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಗರ್ಭದ ವಾರಗಳು ಸ್ಕ್ಯಾನಿಗೆ ಹೊಂದುತ್ತವೆಯೇ? ಮುಟ್ಟಿನ ದಿನಾಂಕ ತಪ್ಪಿದರೆ ಇಡೀ ಲೆಕ್ಕವೇ ತಪ್ಪುತ್ತದೆ. ಆಮೇಲೆ ವೈದ್ಯರೊಡನೆ ಎನ್‌ಐಪಿಟಿ ಎಂಬ ಇನ್ನೊಂದು ರಕ್ತಪರೀಕ್ಷೆಯ ಬಗ್ಗೆ ಮಾತಾಡಿ. ಅದು ಹೆಚ್ಚು ನಿಖರ, ಆದರೂ ಅದೂ ಸ್ಕ್ರೀನಿಂಗೇ. ಖಚಿತ ಉತ್ತರ ಬೇಕೆಂದರೆ 15 ವಾರ ತುಂಬಿದ ಮೇಲೆ ಗರ್ಭದ ನೀರನ್ನು ಸ್ವಲ್ಪ ತೆಗೆದು ಮಾಡುವ ಆಮ್ನಿಯೊಸೆಂಟೆಸಿಸ್ ಪರೀಕ್ಷೆ ಇದೆ. ಅದರಲ್ಲಿರುವ ಗರ್ಭಪಾತದ ಸಣ್ಣ ಅಪಾಯವನ್ನು ಕೇಳಿ ತಿಳಿದುಕೊಂಡೇ ಒಪ್ಪಿ.

‘ಏನು ತಿಂದೆ, ಎಲ್ಲಿಗೆ ಹೋಗಿದ್ದೆ’ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಇದು ನಿಮ್ಮ ತಪ್ಪಲ್ಲ. ಈ ಒಂದು ಕಾಗದ ನೋಡಿ ಯಾವ ನಿರ್ಧಾರವನ್ನೂ ಮಾಡಬೇಡಿ. ಗಂಡನನ್ನೂ ಕರೆದುಕೊಂಡು ಇದೇ ವಾರ ವೈದ್ಯರನ್ನು ಕಾಣಿ.