ಶಿವಗಂಗೆ ಬೆಟ್ಟದಲ್ಲಿ ಒಂದು ಲೀಟರ್ ನೀರು

ನೀವು ಬೆಟ್ಟ ಹತ್ತಿದ್ದೀರಾ? ಮನೆ ಮಂದಿಯೆಲ್ಲ ಸೇರಿ ಹತ್ತಿದ್ದೀರಾ? ಹಾಗಾದರೆ ಈ ಪಾಠ ಓದಿ. ಇದು ನಮ್ಮ ಮನೆಯಲ್ಲಿ ನಡೆದ ಸಂಗತಿ.

ನಾನು ಶಾಲೆಯಲ್ಲಿ ಟೀಚರ್. ಸಂಜೆ ಕಲಿಕಾ ಕೇಂದ್ರದಲ್ಲಿ ದೊಡ್ಡವರಿಗೆ ಅಕ್ಷರ ಹೇಳಿಕೊಡುತ್ತೇನೆ. ನನ್ನ ಅತ್ತೆಯೂ ಅಲ್ಲಿ ಕಲಿಯುತ್ತಾರೆ. ಅವರಿಗೆ ಅರವತ್ತು ವರ್ಷ. ಬಸ್ಸಿನ ಬೋರ್ಡು, ಅಂಗಡಿ ಬೋರ್ಡು, ಎಣ್ಣೆ ಪ್ಯಾಕೆಟ್ಟು, ಎಲ್ಲವನ್ನೂ ಓದುತ್ತಾರೆ. ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತಾರೆ.

ಬೇಸಿಗೆ ರಜೆ ಬಂತು. ಮಗಳು ಪುಟ್ಟಿಗೆ ಒಂಬತ್ತು ವರ್ಷ. "ಎಲ್ಲಿಗಾದ್ರೂ ಹೋಗೋಣ" ಎಂದು ಹಟ ಹಿಡಿದಳು. ಶಿವಗಂಗೆಗೆ ಹೋಗುವುದು ಎಂದಾಯಿತು.

ಶಿವಗಂಗೆ ನೆಲಮಂಗಲ ತಾಲ್ಲೂಕಿನಲ್ಲಿದೆ. ಬೆಂಗಳೂರು–ತುಮಕೂರು ರಸ್ತೆಯ ದಾಬಸ್‌ಪೇಟೆಯಿಂದ ಹೋಗಬೇಕು. ಬೆಟ್ಟದ ಎತ್ತರ ಸಮುದ್ರ ಮಟ್ಟದಿಂದ ಸುಮಾರು 4,500 ಅಡಿ. ಪೂರ್ವದಿಂದ ನೋಡಿದರೆ ಬಸವನ ಹಾಗೆ, ಪಶ್ಚಿಮದಿಂದ ಗಣಪತಿಯ ಹಾಗೆ, ದಕ್ಷಿಣದಿಂದ ಲಿಂಗದ ಹಾಗೆ, ಉತ್ತರದಿಂದ ಹೆಡೆ ಎತ್ತಿದ ಹಾವಿನ ಹಾಗೆ ಕಾಣುತ್ತದೆ ಎಂದು ಜನ ಹೇಳುತ್ತಾರೆ. ಇಲ್ಲಿ ಗಂಗಾಧರೇಶ್ವರ ಮತ್ತು ಹೊನ್ನಾದೇವಿಯ ಗುಡಿಗಳಿವೆ. ಹೊಯ್ಸಳ ದೊರೆ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ತೀರಿಕೊಂಡದ್ದು ಇಲ್ಲೇ. ಶ್ರವಣಬೆಳಗೊಳದ ಶಾಸನದಿಂದ ಇದು ತಿಳಿದುಬಂದಿದೆ.

ನಾವು ಮನೆ ಬಿಟ್ಟದ್ದೇ ತಡ. ಬೆಟ್ಟದ ಬುಡ ಮುಟ್ಟುವಾಗ ಗಂಟೆ ಹನ್ನೊಂದು. ಬಿಸಿಲು ಚುರುಗುಟ್ಟುತ್ತಿತ್ತು.

ಅತ್ತೆ ಹೇಳಿದರು: "ಇವತ್ತು ಕೆಳಗಿನ ಗುಡಿ ನೋಡ್ಕೊಂಡು ಹೋಗಾನ. ಬಿಸ್ಲು ಜಾಸ್ತಿ ಐತೆ."

ನಮ್ಮ ಮನೆಯವರು ನಕ್ಕರು. "ಅವ್ವಾ, ಒಂದು ಗಂಟೆ ಕೆಲಸ. ಇಷ್ಟು ದೂರ ಬಂದು ತುದಿ ನೋಡ್ದೆ ಹೋಗೋದಾ?"

ನನಗೂ ಹಾಗೇ ಅನ್ನಿಸಿತು. ನಾನೂ ಹ್ಞೂಂ ಎಂದೆ.

ನಮ್ಮ ಹತ್ತಿರ ಒಂದೊಂದು ಲೀಟರಿನ ಎರಡು ಬಾಟಲಿ ನೀರು ಇತ್ತು. ನಾಲ್ಕು ಜನಕ್ಕೆ ಎರಡೇ ಲೀಟರ್! ಸ್ವಲ್ಪ ದೂರ ಹತ್ತಿದೆವು. ಒಂದು ಕೋತಿ ಬಂದು ಕೈಚೀಲ ಕಿತ್ತುಕೊಂಡಿತು. ಚೀಲದಲ್ಲಿ ಕಡ್ಲೆಪುರಿ, ಬಾಳೆಹಣ್ಣು, ಒಂದು ಬಾಟಲಿ ನೀರು ಇದ್ದವು. ಎಲ್ಲವೂ ಹೋಯಿತು.

ಒಳಕಲ್ಲು ತೀರ್ಥದವರೆಗೆ ಮೆಟ್ಟಿಲು ಹತ್ತಿದೆವು. ಅಲ್ಲಿ ಬಂಡೆಯ ಒಳಗೆ ಒರಳಿನಂಥ ಗುಂಡಿ ಇದೆ. ಕೈ ಇಳಿಬಿಟ್ಟು ನೀರು ಮುಟ್ಟುತ್ತಾರೆ. ಅವತ್ತು ಜನ ಸಾಲು ನಿಂತಿದ್ದರು. ನಾವು ಕಾಯದೆ ಮೇಲೆ ಹೊರಟೆವು.

ಅಲ್ಲಿಂದ ಮುಂದೆ ಏರು ಬಲು ಕಡಿದು. ಬಂಡೆಯಲ್ಲೇ ಮೆಟ್ಟಿಲು ಕೊರೆದಿದ್ದಾರೆ. ಕಂಬಿ ಹಿಡಿದು ಹತ್ತಬೇಕು. ಕಂಬಿ ಕೈ ಸುಡುತ್ತಿತ್ತು. ಬಂಡೆಯಿಂದ ಕಾವು ಮುಖಕ್ಕೆ ಹೊಡೆಯುತ್ತಿತ್ತು. ಮನೆಯವರು ಮುಂದೆ ಮುಂದೆ ಹೋಗುತ್ತಿದ್ದರು. ಪುಟ್ಟಿ ಅಪ್ಪನ ಹಿಂದೆ ಓಡುತ್ತಿದ್ದಳು. ಅತ್ತೆ ಹಿಂದೆ ಉಳಿದಿದ್ದರು.

ಪುಟ್ಟಿ ಒಮ್ಮೆಲೇ ಕುಕ್ಕರಿಸಿದಳು. "ಅಮ್ಮಾ, ತಲೆ ತಿರುಗ್ತೈತೆ" ಎಂದಳು. ಮೈಯೆಲ್ಲ ಬೆವರು. ಮುಖ ಬಿಳಿಚಿತ್ತು. ಕಾಲಿನ ಮೀನಖಂಡ ಹಿಡಿದುಕೊಂಡಿತ್ತು. ಒಂದು ಸಲ ವಾಂತಿಯೂ ಆಯಿತು.

"ಇನ್ನೇನು ಬಂತು ಮಗಳೇ, ನಂದಿ ಕಾಣ್ತೈತೆ ನೋಡು. ನಾನು ಎತ್ಕೊಂಡು ಹೋಗ್ತೀನಿ" ಎಂದರು ಮನೆಯವರು.

ಅಷ್ಟರಲ್ಲಿ ಅತ್ತೆ ಬಂದರು. ಮಗುವಿನ ಮುಖ ನೋಡಿದರು.

"ನಂದಿ ಎಲ್ಲಿಗೂ ಹೋಗಲ್ಲ ಕಣಪ್ಪ. ಮೊದ್ಲು ಮಗೀನ ನೆರಳಿಗೆ ಕರ್ಕೊಂಡು ನಡಿ" ಎಂದರು.

ಸ್ವಲ್ಪ ಕೆಳಗಿಳಿದು ಒಂದು ಬಂಡೆಯ ನೆರಳಿಗೆ ಬಂದೆವು. ಮಗುವನ್ನು ಮಲಗಿಸಿದೆವು. ಕಾಲಿನ ಕೆಳಗೆ ಟವೆಲ್ ಮಡಿಸಿ ಇಟ್ಟೆವು. ನಾನು ಸೆರಗಿನಿಂದ ಗಾಳಿ ಹಾಕಿದೆ. ಅತ್ತೆ ಎಲೆ ಅಡಿಕೆ ಚೀಲ ಬಿಚ್ಚಿದರು. ಅದರಲ್ಲಿ ಒಂದು ಓ.ಆರ್.ಎಸ್. ಪ್ಯಾಕೆಟ್ಟು ಇತ್ತು. ಹಿಂದಿನ ತಿಂಗಳು ಪುಟ್ಟಿಗೆ ಭೇದಿಯಾದಾಗ ಆಶಾ ಕಾರ್ಯಕರ್ತೆ ಎರಡು ಕೊಟ್ಟಿದ್ದರು. ಒಂದು ಉಳಿದಿತ್ತು.

ನಾನು ಗಾಬರಿಯಲ್ಲಿದ್ದೆ. ಪ್ಯಾಕೆಟ್ಟು ಹರಿದು ಬಾಟಲಿಗೆ ಸುರಿಯಲು ಹೋದೆ. ಅತ್ತೆ ನನ್ನ ಕೈ ಹಿಡಿದರು.

"ತಡಿಯವ್ವ, ಓದ್ತೀನಿ" ಎಂದರು. ಬೆರಳು ಇಟ್ಟು ಓದಿದರು. "ಒಂ-ದು ಲೀ-ಟರ್ ನೀ-ರಿ-ನ-ಲ್ಲಿ... ಒಂದು ಲೀಟರ್ ಅಂತ ಬರ್ದವ್ರೆ. ಬಾಟ್ಲಲ್ಲಿ ಇರೋದು ಅರ್ಧ. ಸಾಲಲ್ಲ."

ನಾನು ಟೀಚರ್. ಆದರೆ ಆ ಹೊತ್ತಿನಲ್ಲಿ ಓದಿದವರು ನನ್ನ ಅತ್ತೆ.

ಮನೆಯವರು ಕೆಳಗಿನ ಅಂಗಡಿಗೆ ಇಳಿದು ನೀರು ತಂದರು. ಅಲ್ಲಿವರೆಗೆ ಇದ್ದ ನೀರನ್ನೇ ಗುಟುಕು ಗುಟುಕಾಗಿ ಕುಡಿಸಿದೆವು. ಆಮೇಲೆ ಪೂರ್ತಿ ಒಂದು ಲೀಟರ್ ನೀರಿಗೆ ಪುಡಿ ಕಲಸಿ, ನಿಧಾನವಾಗಿ ಕುಡಿಸಿದೆವು. ಒಂದು ಗಂಟೆಯಲ್ಲಿ ಪುಟ್ಟಿ ಎದ್ದು ಕೂತಳು. ಮೆಲ್ಲಗೆ ಕೆಳಗೆ ಇಳಿದೆವು. ಸಂಜೆ ಆರೋಗ್ಯ ಕೇಂದ್ರದಲ್ಲಿ ತೋರಿಸಿದೆವು.

ಬಸ್ಸಿನಲ್ಲಿ ಮನೆಯವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಅವ್ವಾ, ನಿನ್ನ ಮಾತು ಕೇಳ್ಬೇಕಿತ್ತು" ಎಂದರು.

ಡಿಸೆಂಬರಿನಲ್ಲಿ ಮತ್ತೆ ಹೋದೆವು. ಬೆಳಗ್ಗೆ ಏಳಕ್ಕೇ ಹತ್ತಲು ಶುರುಮಾಡಿದೆವು. ಆರು ಲೀಟರ್ ನೀರು ಬೆನ್ನಿನ ಚೀಲದಲ್ಲಿತ್ತು. ಈ ಸಲ ಎಲ್ಲರಿಗಿಂತ ಮುಂದೆ ಅತ್ತೆ. ಅವರು ನಿಂತಾಗ ನಾವೂ ನಿಂತೆವು. ಒಳಕಲ್ಲು ತೀರ್ಥದಲ್ಲಿ ಅತ್ತೆ ಕೈ ಇಳಿಬಿಟ್ಟರು. "ನೀರು ಸಿಕ್ತು ಕಣ್ರೋ! ನಂಗೆ ಇಷ್ಟು ಸಾಕು. ಮಂಡಿ ನೋಯ್ತದೆ. ನೀವು ಹೋಗ್ಬನ್ನಿ" ಎಂದರು. ಮನೆಯವರು ಅವರ ಜೊತೆ ಉಳಿದರು. ನಾನು, ಪುಟ್ಟಿ ತುದಿ ಮುಟ್ಟಿ ನಂದಿಯನ್ನು ನೋಡಿ ಬಂದೆವು.

ತಿಳಿದುಕೊಳ್ಳೋಣ

ಬೆವರಿನ ಜೊತೆ ಮೈಯಿಂದ ನೀರು ಹೋಗುತ್ತದೆ. ಉಪ್ಪೂ ಹೋಗುತ್ತದೆ. ಆಗ ತಲೆ ಸುತ್ತು, ಸುಸ್ತು, ವಾಂತಿ, ಮೀನಖಂಡದ ಸೆಳೆತ ಬರುತ್ತವೆ. ಕೂಡಲೇ ನಡೆಯುವುದನ್ನು ನಿಲ್ಲಿಸಬೇಕು. ನೆರಳಿಗೆ ಹೋಗಬೇಕು.

ಓ.ಆರ್.ಎಸ್. ಪುಡಿಯನ್ನು ಕಡಿಮೆ ನೀರಿಗೆ ಹಾಕಬಾರದು. ಉಪ್ಪು, ಸಕ್ಕರೆ ಅಂಶ ಹೆಚ್ಚಾಗಿ ತೊಂದರೆಯಾಗುತ್ತದೆ. ದೊಡ್ಡ ಪ್ಯಾಕೆಟ್ಟು 1 ಲೀಟರ್ ನೀರಿಗೆ. 200 ಮಿಲಿ ಲೀಟರ್ ನೀರಿನ ಸಣ್ಣ ಪ್ಯಾಕೆಟ್ಟೂ ಸಿಗುತ್ತದೆ. ಆದ್ದರಿಂದ ಓದಿಯೇ ಕಲಸಬೇಕು. ಕಲಸಿದ ನೀರನ್ನು 24 ಗಂಟೆಯ ಮೇಲೆ ಇಡಬಾರದು.

ಪ್ಯಾಕೆಟ್ಟು ಇಲ್ಲವೇ? 1 ಲೀಟರ್ ಶುದ್ಧ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕಲಸಿ. ಚಮಚ ಗೋಪುರವಾಗಿ ತುಂಬಬೇಡಿ, ಮಟ್ಟವಾಗಿರಲಿ.

ಎಚ್ಚರ! ಮೈ ಕೆಂಡದಂತೆ ಸುಡುತ್ತಿದ್ದರೆ, ಮಾತು ತೊದಲಿದರೆ, ಪ್ರಜ್ಞೆ ತಪ್ಪಿದರೆ ಅದು ಪ್ರಾಣಕ್ಕೇ ಅಪಾಯ. 108ಕ್ಕೆ ಫೋನ್ ಮಾಡಿ. ಮೈಯನ್ನು ತಣ್ಣೀರಿನಿಂದ ಒದ್ದೆ ಮಾಡಿ, ಗಾಳಿ ಹಾಕಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಅಭ್ಯಾಸ

1. ಓದಿ, ಬರೆಯಿರಿ: ಬೆಟ್ಟ, ಮೆಟ್ಟಿಲು, ಬಂಡೆ, ಬಾಟಲಿ, ನೆರಳು, ಪ್ಯಾಕೆಟ್ಟು.

2. ಬಿಟ್ಟ ಸ್ಥಳ ತುಂಬಿರಿ:
ಅ) ಒಂದು ಲೀಟರ್ ನೀರಿಗೆ ______ ಟೀ ಚಮಚ ಸಕ್ಕರೆ ಹಾಕಬೇಕು.
ಆ) ಅಪಾಯ ಬಂದಾಗ ______ಕ್ಕೆ ಫೋನ್ ಮಾಡಬೇಕು.

3. ಲೆಕ್ಕ ಮಾಡಿ: ಒಬ್ಬರಿಗೆ ಒಂದೂವರೆ ಲೀಟರ್ ನೀರು ಬೇಕು. ನಾಲ್ಕು ಜನಕ್ಕೆ ಎಷ್ಟು ಲೀಟರ್ ಬೇಕು?

4. ಮಾತಾಡೋಣ: ತುದಿ ಮುಟ್ಟದೆ ಹಿಂದಿರುಗುವುದು ಅವಮಾನವೇ? ಗುಂಪಿನಲ್ಲಿ ನಡೆಯುವಾಗ ಯಾರ ನಡಿಗೆಗೆ ತಕ್ಕಂತೆ ನಡೆಯಬೇಕು?

5. ಇವತ್ತು ಮನೆಯಲ್ಲಿರುವ ಒಂದು ಔಷಧಿ ಪ್ಯಾಕೆಟ್ಟು ತನ್ನಿ. ಅದರ ಮೇಲೆ ಏನು ಬರೆದಿದೆ? ಎಲ್ಲರೂ ಕೂಡಿ ಓದಿ.