ಮಾಂಸಾಹಾರಿ ಮೀನುಗಳಲ್ಲಿ ಪಿಷ್ಟದ ಗತಿ

ಹಿರಿಯ ಮೀನು ಕಿರಿಯ ಮೀನನ್ನು ನುಂಗುವುದನ್ನೇ ಹಿಂದಿನ ಶಾಸ್ತ್ರಕಾರರು ‘ಮತ್ಸ್ಯನ್ಯಾಯ’ವೆಂದು ಕರೆದು, ಅರಸನಿಲ್ಲದ ನಾಡಿಗೆ ಉಪಮಾನವಾಗಿ ಹೇಳಿದರು. ತಣ್ಣೀರಿನ ಟ್ರೌಟ್, ಸಾಲ್ಮನ್ ಮೀನುಗಳ ವಿಷಯದಲ್ಲಿ ಇದು ಉಪಮಾನವಲ್ಲ, ವಾಸ್ತವ. ಇವನ್ನು ಸಾಕುವವರು ಬಹುಕಾಲ ಕಡಲಿನ ಸಣ್ಣ ಮೀನುಗಳ ಹುಡಿಯನ್ನೇ ಮುಖ್ಯವಾಗಿ ಉಣಿಸುತ್ತ ಬಂದರು. ಇಂದು ಸೋಯಾ ಮೊದಲಾದ ಸಸ್ಯಪ್ರೋಟೀನುಗಳು ಆ ಹುಡಿಯ ಸ್ಥಾನವನ್ನು ಬಹುಮಟ್ಟಿಗೆ ತುಂಬಿದ್ದರೂ ಪ್ರೋಟೀನು ದುಬಾರಿಯಾದ ವಸ್ತುವೇ. ಹಾಗಾದರೆ ಅಗ್ಗವಾದ ಗೋಧಿ, ಮುಸುಕಿನ ಜೋಳಗಳ ಪಿಷ್ಟವನ್ನು ಹೆಚ್ಚಾಗಿ ಕೊಡಬಾರದೇಕೆ?

ಇಂತಹ ಮೀನುಗಳ ಕರುಳು ಗಿಡ್ಡ. ಪಿಷ್ಟವನ್ನು ಒಡೆಯುವ ಅಮೈಲೇಸ್ ಎಂಬ ಕಿಣ್ವವೂ ಗೆಂಡೆಯಂತಹ ಮೀನುಗಳಲ್ಲಿರುವುದಕ್ಕಿಂತ ಬಹಳ ಕಡಮೆ. ಆದಕಾರಣ ಹಸಿಯ ಪಿಷ್ಟದ ಬಹುಭಾಗ ಅರಗದೆ ಹೊರಬೀಳುತ್ತದೆ. ‘ಪಿಷ್ಟ’ವೆಂದರೆ ಮೂಲದಲ್ಲಿ ಅರೆದದ್ದು ಎಂದರ್ಥ. ಆದರೆ ಟ್ರೌಟಿಗೆ ಅರೆದರಷ್ಟೇ ಸಾಲದು, ಬೇಯಿಸಿಯೂ ಕೊಡಬೇಕು.

ಅರಗಿದ ಮೇಲೆಯೇ ನಿಜವಾದ ತೊಡಕು. ರಕ್ತಕ್ಕೆ ಸೇರಿದ ಸಕ್ಕರೆ ಬಹಳ ಹೊತ್ತು ಇಳಿಯುವುದಿಲ್ಲ. ಇದನ್ನು ಕಂಡು ಮೀನಿಗೆ ಮಧುಮೇಹವೆಂದು ಹೇಳಿದವರುಂಟು. ಆ ನಿರ್ಣಯ ಆತುರದ್ದು. ಇನ್ಸುಲಿನ್ ಅದರಲ್ಲಿಯೂ ಉಂಟು. ಅದನ್ನು ಸಕ್ಕರೆಗಿಂತ ಮಿಗಿಲಾಗಿ ಪ್ರಚೋದಿಸುವುವು ಪ್ರೋಟೀನಿನಿಂದ ದೊರೆಯುವ ಅಮೈನೋ ಆಮ್ಲಗಳು, ಅಷ್ಟೆ. ಸಕ್ಕರೆಯನ್ನು ಬಳಕೆಗೆ ಹಚ್ಚುವ ಗ್ಲೂಕೊಕೈನೇಸ್ ಎಂಬ ಕಿಣ್ವವೂ, ಪಿಷ್ಟ ತಿಂದ ಟ್ರೌಟಿನ ಯಕೃತ್ತಿನಲ್ಲಿ ತಪ್ಪದೆ ತಲೆದೋರುತ್ತದೆ. ಕೊರತೆ ಬೇರೆ ಕಡೆ ಇದೆ. ಊಟದಿಂದ ಸಕ್ಕರೆ ಬಂದಾಗ ಆರೋಗ್ಯವಂತ ಮನುಷ್ಯನ ಯಕೃತ್ತು ತಾನು ಸಕ್ಕರೆ ತಯಾರಿಸುವುದನ್ನು ತಗ್ಗಿಸುತ್ತದೆ. ಟ್ರೌಟಿನ ಯಕೃತ್ತು ಹಾಗೆ ತಗ್ಗಿಸದು. ನೆಂಟರು ಬುತ್ತಿ ತಂದರೂ ಒಲೆಯಾರಿಸದ ಮನೆಯಂತೆ ಅಮೈನೋ ಆಮ್ಲಗಳಿಂದ ಸಕ್ಕರೆಯನ್ನು ಮಾಡುತ್ತಲೇ ಇರುತ್ತದೆ. ಸ್ನಾಯುಗಳೂ ಅದನ್ನು ನಿಧಾನವಾಗಿಯೇ ಹೀರುತ್ತವೆ. ಸಕ್ಕರೆ ವಿರಳವಾದ ಆಹಾರವನ್ನೇ ತಲೆತಲಾಂತರದಿಂದ ತಿಂದು ಬಾಳಿದ ಜೀವಿಗೆ ಈ ಏರ್ಪಾಡು ದೋಷವೇನಲ್ಲ.

ಅಮೆರಿಕದಲ್ಲಿ ಫಿಲಿಪ್ಸ್ ಮತ್ತು ಅವರ ಸಂಗಡಿಗರು 1948ರಲ್ಲಿ, ಟ್ರೌಟಿನ ಆಹಾರದಲ್ಲಿ ಅರಗಬಲ್ಲ ಪಿಷ್ಟ–ಸಕ್ಕರೆಗಳು ಶೇ. 12ನ್ನು ಮೀರಬಾರದೆಂದು ಸೂಚಿಸಿದರು. ಮೀರಿದರೆ ಯಕೃತ್ತಿನಲ್ಲಿ ಗ್ಲೈಕೊಜೆನ್ ತುಂಬಿ ಅದು ಊದಿಕೊಳ್ಳುತ್ತದೆ. ಮುಂದಿನ ವಿದ್ವಾಂಸರು ಈ ಮಿತಿಯನ್ನು ಸುಮಾರು ಶೇ. 20ರವರೆಗೆ ಸಡಿಲಿಸಿದ್ದಾರೆ. ಅಷ್ಟರೊಳಗೆ ಬೇಯಿಸಿದ ಪಿಷ್ಟವನ್ನು ಕೊಟ್ಟರೆ ಪ್ರೋಟೀನು ಶಕ್ತಿಗಾಗಿ ವ್ಯಯವಾಗದೆ ಮೈಗೂಡುತ್ತದೆ. ಕಿವಿರುಗಳಿಂದ ನೀರಿಗೆ ಸೇರುವ ಅಮೋನಿಯವೂ ಕಡಮೆಯಾಗುತ್ತದೆ.