ಟ್ರಯಥ್ಲಾನ್ ಅಭ್ಯಾಸವೂ ದೂರದ ಓಟದ ಸಿದ್ಧತೆಯೂ

ಹಳೆಯ ವಿದ್ಯಾರ್ಥಿನಿಯರು ವರ್ಷಕ್ಕೊಮ್ಮೆ ಶಾಲೆಯಲ್ಲಿ ಕೂಡುವಾಗ ಮೊದಲೆಲ್ಲಾ ಉದ್ಯೋಗದ ವಿಷಯವನ್ನೂ ಸಂಸಾರದ ವಿಷಯವನ್ನೂ ಹೇಳಿಕೊಳ್ಳುತ್ತಿದ್ದರು. ಈಚಿನ ವರ್ಷಗಳಲ್ಲಿ ಮತ್ತೊಂದು ಮಾತು ಅವರ ಬಾಯಿಂದ ಕೇಳಿಬರುತ್ತಿದೆ. "ಈ ಸಲ ಹತ್ತು ಕಿಲೋಮೀಟರು ಓಡಿದೆ, ಮಿಸ್. ಬರುವ ವರ್ಷ ಟ್ರಯಥ್ಲಾನಿಗೂ ಹೆಸರು ಕೊಡಬೇಕೆಂದಿದ್ದೇನೆ. ಎರಡನ್ನೂ ಒಟ್ಟಿಗೆ ಅಭ್ಯಾಸ ಮಾಡಬಹುದೇ?" ಎಂದು ಕೇಳುತ್ತಾರೆ. ಈಗ ಓದುತ್ತಿರುವ ಹುಡುಗಿಯರ ತಾಯ್ತಂದೆಗಳೂ ಇದೇ ಪ್ರಶ್ನೆಯನ್ನು ತುಸು ಅಂಜಿಕೆಯಿಂದ ಕೇಳುವುದುಂಟು. ಮಾಡಬಹುದು ಎಂಬುದೇ ನಮ್ಮ ಉತ್ತರ. ಆದರೆ ಕ್ರಮವನ್ನರಿಯದೆ ಮಾಡಕೂಡದು. ಆ ಕ್ರಮವನ್ನು ನಾವು ಕಲಿಯುವುದಕ್ಕಾಗಿ ನಮ್ಮ ಶಿಷ್ಯೆಯೊಬ್ಬಳು ತೆತ್ತ ಬೆಲೆಯನ್ನೂ ಈ ಪಾಠದಲ್ಲಿ ಮರೆಮಾಚದೆ ಹೇಳುವೆವು.

ಟ್ರಯಥ್ಲಾನ್ ಎಂದರೆ ಈಜು, ಸೈಕಲ್ ಸವಾರಿ, ಓಟ ಈ ಮೂರನ್ನೂ ನಡುವೆ ವಿಶ್ರಾಂತಿಯಿಲ್ಲದೆ ಒಂದರ ಹಿಂದೊಂದಾಗಿ ಮುಗಿಸುವ ಸ್ಪರ್ಧೆ. 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ಪಟ್ಟಣದ ಮಿಷನ್ ಬೇ ಎಂಬಲ್ಲಿ ಅದು ಈಗಿನ ರೂಪದಲ್ಲಿ ಆರಂಭವಾಯಿತು. 2000ದಲ್ಲಿ ಸಿಡ್ನಿ ಒಲಿಂಪಿಕ್ ಕೂಟದೊಳಗೆ ಸೇರಿತು. ಒಲಿಂಪಿಕ್ ಅಳತೆಯು 1.5 ಕಿಲೋಮೀಟರು ಈಜು, 40 ಕಿಲೋಮೀಟರು ಸೈಕಲ್, 10 ಕಿಲೋಮೀಟರು ಓಟ. ಇದರ ಅರ್ಧದಷ್ಟು ದೂರದ್ದಕ್ಕೆ ಸ್ಪ್ರಿಂಟ್ ಎಂದು ಹೆಸರು. ಹೊಸಬರು ಅದರಿಂದಲೇ ತೊಡಗತಕ್ಕದ್ದು.

ಹೆಣ್ಣುಮಕ್ಕಳಿಗೆ ದೂರದ ಓಟವು ಸುಲಭವಾಗಿ ದೊರೆತುದಲ್ಲವೆಂಬುದನ್ನು ನಮ್ಮ ಹುಡುಗಿಯರು ತಿಳಿದಿರಬೇಕು. 1928ರ ಆಮ್‌ಸ್ಟರ್‌ಡಾಮ್ ಒಲಿಂಪಿಕ್ಸಿನಲ್ಲಿ ಸ್ತ್ರೀಯರು 800 ಮೀಟರು ಓಡಿದ ಬಳಿಕ, ಅವರ ದೇಹಕ್ಕೆ ಅಷ್ಟು ದೂರ ತಕ್ಕದ್ದಲ್ಲವೆಂದು ಆ ಸ್ಪರ್ಧೆಯನ್ನೇ ತೆಗೆದುಹಾಕಿದರು. ಅದು ಮರಳಿ ಬಂದುದು 1960ರಲ್ಲಿ. ಸ್ತ್ರೀಯರ ಮ್ಯಾರಥಾನ್ 1984ರಲ್ಲಿಯೂ 10,000 ಮೀಟರಿನ ಓಟವು 1988ರಲ್ಲಿಯೂ ಒಲಿಂಪಿಕ್ಸನ್ನು ಸೇರಿದವು. ಟ್ರಯಥ್ಲಾನಾದರೋ ಸೇರಿದ ಕೂಟದಲ್ಲಿಯೇ ಸ್ತ್ರೀಪುರುಷರಿಬ್ಬರಿಗೂ ಒಂದೇ ದೂರವನ್ನಿಟ್ಟಿತು. ಮೊದಲು ನಡೆದುದೂ ಸ್ತ್ರೀಯರ ಸ್ಪರ್ಧೆಯೇ. ಅದೇ ಸಿಡ್ನಿಯಲ್ಲಿ ನಮ್ಮ ಬೆಂಗಳೂರಿನ ನಿಶಾ ಮಿಲ್ಲೆಟ್ 200 ಮೀಟರು ಈಜಿದರು. 2009ರಲ್ಲಿ ಅನು ವೈದ್ಯನಾಥನ್ ಕೆನಡಾದ ಅಲ್ಟ್ರಾಮ್ಯಾನ್ ಎಂಬ ಮೂರು ದಿನಗಳ ಸ್ಪರ್ಧೆಯನ್ನು ಮುಗಿಸಿದರು. 10 ಕಿಲೋಮೀಟರು ಈಜು, ಸುಮಾರು 420 ಕಿಲೋಮೀಟರು ಸೈಕಲ್, 84 ಕಿಲೋಮೀಟರು ಓಟ ಅದರ ಅಳತೆ. 2024ರ ಪ್ಯಾರಿಸ್ ಕೂಟಕ್ಕೆ ಹೋದ ಭಾರತೀಯರಲ್ಲೆಲ್ಲಾ ಕಿರಿಯಳು ಬೆಂಗಳೂರಿನ 14 ವರ್ಷದ ಈಜುಗಾರ್ತಿ ಧಿನಿಧಿ ದೇಸಿಂಘು. ಆದುದರಿಂದ "ಹೆಣ್ಣುಮಗಳಿಗೆ ಇದೆಲ್ಲಾ ಏಕೆ?" ಎಂಬ ಪ್ರಶ್ನೆಗೆ ನಾವು ಇಲ್ಲಿ ಉತ್ತರ ಹೇಳಬೇಕಾಗಿಲ್ಲ.

ಇನ್ನು ನಮ್ಮ ದಂಡುಪ್ರದೇಶದ ಮಾತು. 2008ರಲ್ಲಿ ಆರಂಭವಾದ ಬೆಂಗಳೂರಿನ ಹತ್ತು ಕಿಲೋಮೀಟರು ಓಟಕ್ಕೆ ವರ್ಷಂಪ್ರತಿ ಬೇಸಿಗೆಯಲ್ಲಿ ಸಾವಿರಾರು ಮಂದಿ ಸೇರುತ್ತಾರೆ. ಒಲಿಂಪಿಕ್ ಟ್ರಯಥ್ಲಾನಿನ ಕೊನೆಯ ಭಾಗವೂ ಈ ಓಟವೂ ಒಂದೇ ದೂರ. ಆದುದರಿಂದಲೇ ಒಂದಕ್ಕೆ ಮಾಡಿದ ಅಭ್ಯಾಸವು ಇನ್ನೊಂದಕ್ಕೂ ತಾನಾಗಿ ಒದಗುವುದೆಂದು ಹುಡುಗಿಯರು ಭಾವಿಸುತ್ತಾರೆ. ನಾವೂ ಹಾಗೆಯೇ ಭಾವಿಸಿದ್ದೆವು.

ಕೆಲವು ವರ್ಷಗಳ ಹಿಂದೆ ಹಲಸೂರಿನಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿಯು ಚೆನ್ನಾಗಿ ಈಜುತ್ತಿದ್ದಳು, ಸೈಕಲಿನಲ್ಲಿಯೂ ಗಟ್ಟಿಗಳು. ಸ್ಪ್ರಿಂಟ್ ಟ್ರಯಥ್ಲಾನಿಗಾಗಿ ಒಂದು ಪಟ್ಟಿಯನ್ನೂ ಹತ್ತು ಕಿಲೋಮೀಟರಿನ ಓಟಕ್ಕಾಗಿ ಮತ್ತೊಂದು ಪಟ್ಟಿಯನ್ನೂ ಇಟ್ಟುಕೊಂಡು ಎರಡನ್ನೂ ತಪ್ಪದೆ ನಡೆಸಿದಳು. ಬೆಳಗ್ಗೆ ಐದಕ್ಕೆ ಓಟ, ಸಂಜೆ ಈಜು, ರಾತ್ರಿ ಪರೀಕ್ಷೆಯ ಓದು. ಎಷ್ಟು ಓಡಿದರೂ ಉಸಿರು ಕಟ್ಟುತ್ತಿರಲಿಲ್ಲ. ನಾವು ಪ್ರಾರ್ಥನಾ ಕೂಟದಲ್ಲಿ ಅವಳನ್ನು ಎಲ್ಲರೆದುರಿಗೆ ನಿಲ್ಲಿಸಿ ಹೊಗಳಿದೆವು. ಬೆಳಗ್ಗೆ ಏನು ತಿಂದೆ, ರಾತ್ರಿ ಎಷ್ಟು ಹೊತ್ತು ನಿದ್ರಿಸಿದೆ ಎಂದು ಮಾತ್ರ ಒಮ್ಮೆಯೂ ಕೇಳಲಿಲ್ಲ. ಕಣಕಾಲಿನಲ್ಲಿ ನೋವು ತೋರಿದಾಗ ಅವಳು ಅದನ್ನು ಯಾರಿಗೂ ಹೇಳಲಿಲ್ಲ. ಹೊಗಳಿಕೆಯು ಅವಳ ಬಾಯನ್ನು ಕಟ್ಟಿತ್ತು. ಕೊನೆಗೆ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡುಬಂದಿತು. ಆ ವರ್ಷ ಅವಳು ಓಡಲೂ ಇಲ್ಲ, ಈಜಲೂ ಇಲ್ಲ. ಪರೀಕ್ಷೆಯ ಕೊಠಡಿಗೆ ಊರುಗೋಲನ್ನೂರಿ ಬಂದ ಆ ಹುಡುಗಿಯನ್ನು ನೋಡಿ ನಾವು ತಲೆ ತಗ್ಗಿಸಿದೆವು.

ತಪ್ಪೆಲ್ಲಿತ್ತು? ಈಜು, ಸೈಕಲ್, ಓಟ ಈ ಮೂರರಿಂದಲೂ ಹೃದಯವೂ ಶ್ವಾಸಕೋಶವೂ ಬಲಗೊಳ್ಳುತ್ತವೆ. ಈ ಲಾಭವು ಮೂರಕ್ಕೂ ಸಾಮಾನ್ಯ. ಆದರೆ ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು ಮೂರು ಪಾಲಿನಷ್ಟು ಭಾರವು ಕಾಲಿನ ಮೇಲೆ ಬೀಳುತ್ತದೆ. ಈಜುವಾಗ ನೀರು ದೇಹವನ್ನು ಹೊರುತ್ತದೆ. ಸೈಕಲಿನ ಮೇಲೆ ಆಸನವು ಹೊರುತ್ತದೆ. ಓಟದ ಪೆಟ್ಟನ್ನು ತಾಳುವ ಶಕ್ತಿಯು ಮೂಳೆಗೂ ಸ್ನಾಯುರಜ್ಜುಗಳಿಗೂ ಓಟದಿಂದಲೇ ಬರಬೇಕು. ಅದೂ ನಿಧಾನವಾಗಿ, ತಿಂಗಳುಗಟ್ಟಲೆ ಕಾಲದಲ್ಲಿ. ಉಸಿರಾದರೋ ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ. ಆದುದರಿಂದ ಈಜಿ, ಸೈಕಲ್ ತುಳಿದು ಬಲಿತ ಹುಡುಗಿಯ ಉಸಿರು "ಇನ್ನೂ ಓಡು" ಎನ್ನುತ್ತಿರುವಾಗಲೇ ಅವಳ ಮೂಳೆಯು "ಸಾಕು" ಎನ್ನುತ್ತಿರುತ್ತದೆ. ಉಸಿರಿನ ಮಾತು ಬೇಗ ಕೇಳಿಸುತ್ತದೆ. ಮೂಳೆಯ ಮಾತು ತಡವಾಗಿ ಕೇಳಿಸುತ್ತದೆ. ಈ ಪಾಠದ ತಿರುಳು ಇಷ್ಟೇ.

ಇದರಿಂದ ಮೂರು ನಿಯಮಗಳು ಹುಟ್ಟುತ್ತವೆ. ಮೊದಲನೆಯದು: ಎರಡು ಪಟ್ಟಿಗಳನ್ನು ಕೂಡಿಸಕೂಡದು, ಒಂದೇ ಪಟ್ಟಿಯನ್ನು ಮಾಡಿಕೊಂಡು, ಹೊಸದನ್ನು ಸೇರಿಸುವಾಗ ಹಳೆಯದೊಂದನ್ನು ತೆಗೆಯಬೇಕು. ಎರಡನೆಯದು: ದೂರದ ಓಟಕ್ಕೆ ಬದಲಾಗಿ ಬೇರೆ ಯಾವುದೂ ಸಲ್ಲದು, ವಾರಕ್ಕೊಂದು ಉದ್ದನೆಯ ಓಟ ಇರಲೇಬೇಕು. ಆದರೆ ಉಳಿದ ದಿನಗಳ ಹಗುರವಾದ ಓಟಗಳ ಬದಲು ಈಜನ್ನೂ ಸೈಕಲನ್ನೂ ಇಡಬಹುದು. ಮೂರನೆಯದು: ವಿಶ್ರಾಂತಿಯನ್ನು ಅಭ್ಯಾಸದ ಒಂದು ಭಾಗವೆಂದೇ ಎಣಿಸಬೇಕು, ಯಾಕಂದರೆ ದುಡಿದ ದೇಹವು ಬಲಗೊಳ್ಳುವುದು ಆಗಲೇ.

ಹತ್ತು ಕಿಲೋಮೀಟರು ಓಟಕ್ಕೂ ಸ್ಪ್ರಿಂಟ್ ಟ್ರಯಥ್ಲಾನಿಗೂ ಸಿದ್ಧಳಾಗುವ, ಈಗಾಗಲೇ ಐದು ಕಿಲೋಮೀಟರು ನಿರಾಯಾಸವಾಗಿ ಓಡಬಲ್ಲ ಹುಡುಗಿಗೆ ನಾವು ಈಗ ಹೇಳಿಕೊಡುವ ವಾರದ ಕ್ರಮ ಹೀಗಿದೆ. ಸೋಮವಾರ ಈಜು. ಮಂಗಳವಾರ ಸುಮಾರು ಐದು ಕಿಲೋಮೀಟರು ಓಟ; ಅದರ ನಡುವೆ ಕೆಲವು ನಿಮಿಷ ಮಾತ್ರ ಬಿರುಸು. ಬುಧವಾರ ಹಗುರವಾದ ಸೈಕಲ್ ಸವಾರಿ. ಗುರುವಾರ ಮುಕ್ಕಾಲು ಗಂಟೆ ಸೈಕಲ್ ತುಳಿದು, ಇಳಿದ ಕೂಡಲೇ ಹತ್ತು ನಿಮಿಷ ಓಟ; ಸೈಕಲಿನಿಂದ ಇಳಿದವರ ಕಾಲು ತಮ್ಮದಲ್ಲವೆಂಬಂತೆ ಭಾರವಾಗುವುದರಿಂದ ಇದನ್ನು ರೂಢಿಸಿಕೊಳ್ಳಬೇಕು. ಶುಕ್ರವಾರ ನಿಧಾನವಾದ ಈಜು. ಶನಿವಾರ ಉದ್ದನೆಯ ಓಟ. ಭಾನುವಾರ ಪೂರ್ಣ ವಿಶ್ರಾಂತಿ. ಶನಿವಾರದ ಓಟವು ಜೊತೆಯವಳೊಡನೆ ವಾಕ್ಯ ತುಂಡಾಗದಂತೆ ಮಾತನಾಡುವಷ್ಟು ನಿಧಾನವಾಗಿರಬೇಕು. ಅದರ ದೂರವನ್ನು ಮೂರು ವಾರ ಸ್ವಲ್ಪ ಸ್ವಲ್ಪವಾಗಿ ಏರಿಸಿ ನಾಲ್ಕನೆಯ ವಾರ ಇಳಿಸುವುದು. ಸ್ಪರ್ಧೆಯ ಹಿಂದಿನ ವಾರ ಎಲ್ಲವನ್ನೂ ಅರ್ಧಕ್ಕೆ ಇಳಿಸುವುದು. ಅರ್ಧ ಮ್ಯಾರಥಾನಿನ, ಎಂದರೆ 21.1 ಕಿಲೋಮೀಟರಿನ, ಆಸೆಯುಳ್ಳ ದೊಡ್ಡವರು ಅದೇ ಋತುವಿನಲ್ಲಿ ಟ್ರಯಥ್ಲಾನನ್ನೂ ಮುಖ್ಯವಾಗಿಟ್ಟುಕೊಳ್ಳಬಾರದು. ಒಂದನ್ನು ಗುರಿಯಾಗಿಯೂ ಇನ್ನೊಂದನ್ನು ಅದರ ಸಹಾಯಕವಾಗಿಯೂ ಎಣಿಸಬೇಕು.

ಸ್ಥಳದ ವಿಚಾರದಲ್ಲಿಯೂ ವಿವೇಕ ಬೇಕು. ಹಲಸೂರು ಕೆರೆಯು ನೋಡಲು ಅಂದವೇ. ಆದರೆ 2016ರ ಮಾರ್ಚಿ ತಿಂಗಳಲ್ಲಿ ಅದೇ ನೀರಿನಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದುವು. ಕೆರೆಯ ದಂಡೆಯ ಸುತ್ತ ಓಡಬಹುದು, ಈಜನ್ನು ಮೇಲ್ವಿಚಾರಕರಿರುವ ಕೊಳದಲ್ಲಿಯೇ ಕಲಿಯಬೇಕು. ಹಳೆಯ ಮದರಾಸು ರಸ್ತೆಯಲ್ಲಿ ಕೆ.ಆರ್. ಪುರದ ಕಡೆಗೆ ಸೈಕಲಿನಲ್ಲಿ ಹೋಗುವವರನ್ನು ಕಾಣುತ್ತೇವೆ. ಲಾರಿಗಳ ನಡುವೆ ಹುಡುಗಿಯರನ್ನು ಒಂಟಿಯಾಗಿ ಕಳುಹಿಸುವುದು ಸರಿಯಲ್ಲ. ಹಿಂದಿನ ಚಕ್ರವನ್ನು ನೆಲೆಗೊಳಿಸಿ ಮನೆಯೊಳಗೆಯೇ ತುಳಿಯುವ ಸಾಧನವಿದ್ದರೆ ಅದು ಸಾಕು. ಭಾನುವಾರ ಕಬ್ಬನ್ ಪಾರ್ಕಿನೊಳಗೆ ವಾಹನಗಳಿಗೆ ಪ್ರವೇಶವಿಲ್ಲ. ತಾಯ್ತಂದೆಗಳು ಮಕ್ಕಳೊಡನೆ ಅಲ್ಲಿ ನಡೆದಾಡಿ ವಿಶ್ರಾಂತಿಯ ದಿನವನ್ನು ಕಳೆಯಬಹುದು.

ಆಹಾರದ ವಿಷಯವನ್ನು ತಾಯಂದಿರಿಗೆ ಬಿಚ್ಚಿ ಹೇಳಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಅಂಥ ಹುಡುಗಿಯ ದಣಿವನ್ನು ಸೋಮಾರಿತನವೆಂದು ಗದರಿಸುವುದು ಅನ್ಯಾಯ. ಮೊದಲು ರಕ್ತಪರೀಕ್ಷೆ ಮಾಡಿಸಿರಿ. ರಾಗಿ, ಸೊಪ್ಪು, ಬೇಳೆಕಾಳು, ಮೊಟ್ಟೆ ಅಥವಾ ಮಾಂಸ, ಜೊತೆಗೆ ನಿಂಬೆಹಣ್ಣು ಇರಲಿ. ಊಟದೊಡನೆ ಚಹಾ ಬೇಡ, ಅದು ಕಬ್ಬಿಣದ ಅಂಶವು ದೇಹಕ್ಕೆ ಸೇರುವುದನ್ನು ತಡೆಯುತ್ತದೆ. ಹೆಚ್ಚು ದುಡಿದು ಕಡಿಮೆ ತಿಂದರೆ ತಿಂಗಳ ಮುಟ್ಟು ನಿಲ್ಲುವುದುಂಟು. ಹಾಗಾದರೆ ಮೂಳೆಯು ಒಳಗಿನಿಂದ ಸೊರಗುತ್ತಿದೆ ಎಂದು ತಿಳಿದು ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಇದು ನಾಚಿಕೆಯಿಂದ ಮುಚ್ಚಿಡತಕ್ಕ ಸಂಗತಿಯಲ್ಲ. ಮಗಳು ಹೇಳಲಾರಳಾದರೆ ತಾಯಿಯೇ ಕೇಳಬೇಕು.

ಪರೀಕ್ಷೆಯ ಕಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹತ್ತನೆಯ ತರಗತಿಯ ಪರೀಕ್ಷೆಯೂ ಬೇಸಿಗೆಯ ಓಟದ ಸಿದ್ಧತೆಯೂ ಒಂದೇ ತಿಂಗಳುಗಳಲ್ಲಿ ಬರುತ್ತವೆ. ಓದೂ ದುಡಿಮೆಯೇ, ಅದಕ್ಕೂ ನಿದ್ರೆ ಬೇಕು. ಆ ವರ್ಷ ಓಟವನ್ನು ಬಿಟ್ಟರೆ ಏನೂ ಕಳೆದುಹೋಗದು.

ಆ ವಿದ್ಯಾರ್ಥಿನಿಯು ಎರಡು ವರ್ಷಗಳಾದ ಮೇಲೆ ಮತ್ತೆ ಓಡಿದಳು. ವಾರಕ್ಕೆ ಮೂರೇ ಸಲ, ಅದೂ ನಿಧಾನವಾಗಿ. ಈಗ ಅವಳು ರಜೆಯಲ್ಲಿ ಬಂದು ನಮ್ಮ ಚಿಕ್ಕ ಹುಡುಗಿಯರಿಗೆ ಓಟವನ್ನು ಕಲಿಸುತ್ತಾಳೆ. ಅಂಗಳದಲ್ಲಿ ಅವರನ್ನು ಸಾಲಾಗಿ ನಿಲ್ಲಿಸಿ, ಓಡಿಸುವುದಕ್ಕೆ ಮೊದಲು ಅವಳು ಎರಡು ಪ್ರಶ್ನೆಗಳನ್ನು ಕೇಳುತ್ತಾಳೆ: "ಬೆಳಗ್ಗೆ ಏನು ತಿಂದಿರಿ? ಎಲ್ಲಿಯಾದರೂ ನೋವಿದೆಯೇ?" ನಾವು ಅಂದು ಕೇಳದೆ ಹೋದ ಪ್ರಶ್ನೆಗಳು ಅವು. ಈಗ ನಮ್ಮ ಶಾಲೆಯಲ್ಲಿ ಅವನ್ನು ಕೇಳದೆ ಯಾರನ್ನೂ ಓಡಿಸುವುದಿಲ್ಲ. ಮನೆಗಳಲ್ಲಿಯೂ ಕೇಳುವಿರೆಂದು ನಂಬಿದ್ದೇವೆ.